ಅರ್ಧಕ್ಕಿಂತ ಒಂದು ಬೆರಳು ಜಾಸ್ತಿ

ನಮ್ಮಪ್ಪ ಕಾಫಿಪುಡಿ ತರಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಅವರು ಹೇಳುತ್ತಿದ್ದ ಮಾತು ನನಗೆ ಇವತ್ತಿಗೂ ಬಾಯಿಪಾಠ. "ಪ್ಲಾಂಟೇಶನ್-ಎ ಅರ್ಧ, ಪೀಬೆರಿ ಅರ್ಧ, ಚಿಕೋರಿ ನೂರಕ್ಕೆ ಹದಿನೈದು. ಇಪ್ಪತ್ತು ಹಾಕಬೇಡಿ, ಹೋದ ಸಲ ಇಪ್ಪತ್ತು ಹಾಕಿಬಿಟ್ಟಿದ್ರಿ." ಅಂಗಡಿಯವರು ಹ್ಞೂಂ ಅಂತ ತೂಕ ಮಾಡಿ, ಮಿಷನ್ನಿಗೆ ಸುರಿದು, ಬಿಸಿ ಬಿಸಿ ಪುಡಿಯ ಪೊಟ್ಟಣ ಕೈಗೆ ಕೊಡುತ್ತಿದ್ದರು. ನಮ್ಮ ಹಿಂದೆ ನಿಂತವರದ್ದು ಬೇರೆಯೇ ಲೆಕ್ಕ. ಅವರಿಗೆ ರೋಬಸ್ಟಾ ಬೇಕು, ಚಿಕೋರಿ ಮೂವತ್ತು ಬೇಕು. ಒಂದೇ ಬೀದಿಯಲ್ಲಿ ಹತ್ತು ಮನೆಗೆ ಹತ್ತು ರುಚಿ.

ಆ ಅಂಗಡಿಯಲ್ಲಿ ಯಾರೂ ಯಾವತ್ತೂ "ಸಾರ್, ಪೀಬೆರಿಯನ್ನು ಹೀಗೆ ಬೆರೆಸಬಾರದು, ತೋಟದವರಿಗೆ ಅವಮಾನ" ಅನ್ನಲಿಲ್ಲ.

ಈಗ ಇನ್ನೊಂದು ಜಾಗಕ್ಕೆ ಹೋಗೋಣ. ಬೆಂಗಳೂರಿನ ಒಂದು ಬ್ರೂಪಬ್, ಅಂದರೆ ಬಿಯರನ್ನು ತಾವೇ ತಯಾರಿಸಿ ಮಾರುವ ಬಾರು. ಐದಾರು ವರ್ಷದ ಹಿಂದಿನ ಮಾತು. ನಾನು ಸ್ಟೌಟ್ ಅನ್ನುವ ಕಪ್ಪು ಬಿಯರ್ ಒಂದು, ಗೋಧಿ ಬಿಯರ್ ಒಂದು ಹೇಳಿದೆ. ಆಮೇಲೆ, ಎರಡನ್ನೂ ಒಂದೇ ಗ್ಲಾಸಿಗೆ ಅರ್ಧರ್ಧ ಹಾಕಿ ಕೊಡ್ತೀರಾ ಅಂತ ಕೇಳಿದೆ. ಆ ಹುಡುಗ ನನ್ನ ಮುಖ ನೋಡಿದ. ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರ್ ತುಂಬ ವಿನಯದಿಂದ "ಸಾರ್, ನಮ್ಮ ಬ್ರೂವರ್ ಒಪ್ಪಲ್ಲ" ಅಂದರು. ಸರಿ, ಬೇರೆ ಬೇರೆ ಗ್ಲಾಸಲ್ಲೇ ಕೊಡಿ, ಜೊತೆಗೆ ಒಂದು ಖಾಲಿ ಗ್ಲಾಸು ಕೊಡಿ ಅಂದೆ. ಖಾಲಿ ಗ್ಲಾಸು ಕೊಡುವುದಿಲ್ಲ ಅನ್ನಲು ಅವರ ಹತ್ತಿರ ಯಾವ ರೂಲೂ ಇರಲಿಲ್ಲ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಖಾಲಿ ಗ್ಲಾಸಿನ ಬಗ್ಗೆ, ಅಂದರೆ ಬಿಯರಿಗೆ ಬಿಯರ್ ಬೆರೆಸುವುದರ ಬಗ್ಗೆ.

ಈ ಅಭ್ಯಾಸ ನನಗೆ ಹತ್ತಿದ್ದು ಲಂಡನ್ನಿನಲ್ಲಿ. ಓದಲು ಹೋಗಿದ್ದೆ, ಖರ್ಚಿಗೆ ವಾರಾಂತ್ಯ ಒಂದು ಪಬ್ಬಿನ ಕೌಂಟರಿನ ಹಿಂದೆ ನಿಲ್ಲುತ್ತಿದ್ದೆ. ನಗರದ ಪೂರ್ವ ಭಾಗದ ಹಳೇ ಪಬ್ಬು ಅದು. ಕಾರ್ಪೆಟ್ಟಿನ ತುಂಬ ಬಿಯರಿನ ವಾಸನೆ. ಅಲ್ಲಿಗೆ ದಿನವೂ ಐದು ಗಂಟೆಗೆ ಒಬ್ಬ ಅಜ್ಜ ಬರುತ್ತಿದ್ದರು. ಬಂದು "ಲೈಟ್ ಅಂಡ್ ಬಿಟರ್" ಅನ್ನುತ್ತಿದ್ದರು. ಮೊದಲ ದಿನ ನನಗೆ ತಲೆಬುಡ ಅರ್ಥ ಆಗಲಿಲ್ಲ. ಅವರೇ ಹೇಳಿಕೊಟ್ಟರು. ಪಿಂಟ್ ಗ್ಲಾಸು ತಗೋ, ಅಂದರೆ 568 ಮಿ.ಲೀ. ಅದರಲ್ಲಿ ಅರ್ಧ ಬಿಟರ್, ಅಂದರೆ ಇಲ್ಲಿನ ಮಾಮೂಲಿ ಕಹಿ ಬಿಯರ್, ಪಂಪಿನಿಂದ ಎಳೆ. ಪಕ್ಕದಲ್ಲಿ ಒಂದು ಸಣ್ಣ ಬಾಟಲಿ ಲೈಟ್ ಏಲ್, ಅಂದರೆ ಹಗುರ ಬಿಯರ್, ಇಡು. ಮಿಕ್ಕಿದ್ದು ನಾನು ನೋಡ್ಕೋತೀನಿ ಮಗಾ ಅಂದರು.

ನಾನು ಗೆರೆ ನೋಡಿಕೊಂಡು ಸರಿಯಾಗಿ ಅರ್ಧ ಎಳೆದೆ. ಅವರು ಗ್ಲಾಸನ್ನೇ ನೋಡುತ್ತಾ ನಿಂತರು. ಅಲ್ಲಾಡಲಿಲ್ಲ. ಆಗ ಪಬ್ಬಿನ ಯಜಮಾನಿ ಬಂದು, ನನ್ನ ಕೈಯಿಂದ ಗ್ಲಾಸು ತಗೊಂಡು, ಪಂಪನ್ನು ಇನ್ನೊಂದು ಸಲ ಮೆಲ್ಲಗೆ ಎಳೆದರು. ಅರ್ಧಕ್ಕಿಂತ ಒಂದು ಬೆರಳು ಮೇಲೆ. ಅಜ್ಜನ ಮುಖ ಅರಳಿತು. ಈ ಆರ್ಡರಿನ ಅರ್ಧ ಗುಟ್ಟು ಅದೇ: ಅರ್ಧ ಅಂದರೆ ಯಾವತ್ತೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ನಮ್ಮಲ್ಲಿ ಹಾಲಿನವರು ಅಳತೆ ಆದ ಮೇಲೆ ಮೇಲೊಂದು ಚೂರು ಸುರಿಯುತ್ತಾರಲ್ಲ, ಹಾಗೆ.

ಇನ್ನರ್ಧ ಗುಟ್ಟು ಬಿಯರಿನದ್ದು. ಇಂಗ್ಲೆಂಡಿನ ಸಾಂಪ್ರದಾಯಿಕ ಬಿಟರ್ ಪೀಪಾಯಿಯಲ್ಲಿ ಜೀವಂತ ಇರುತ್ತದೆ, ಒಳಗೆ ಯೀಸ್ಟ್ ಇನ್ನೂ ಇರುತ್ತದೆ. ಒಂದೊಂದು ಪಿಂಟ್ ಎಳೆದ ಹಾಗೆ ಪೀಪಾಯಿ ಒಳಗೆ ಗಾಳಿ ಹೋಗುತ್ತದೆ. ಮೂರ್ನಾಲ್ಕು ದಿನದಲ್ಲಿ ಖಾಲಿ ಮಾಡದಿದ್ದರೆ ಗ್ಯಾಸು ಹೋಗಿ ಸಪ್ಪೆ ಆಗುತ್ತದೆ, ಆಮೇಲೆ ಹುಳಿ ಬರುತ್ತದೆ. ವ್ಯಾಪಾರ ಕಡಿಮೆ ಇರುವ ಪಬ್ಬಿನಲ್ಲಿ ಮಂಗಳವಾರದ ಬಿಟರ್ ಹೇಗಿರುತ್ತದೆ ಅಂತ ಹೇಳುವುದು ಕಷ್ಟ. ಆದರೆ ಬಾಟಲಿಯ ಲೈಟ್ ಏಲ್ ಹಾಗಲ್ಲ. ಮುಚ್ಚಳ ಬಿಗಿ, ಗ್ಯಾಸು ಭರ್ತಿ, ಎಲ್ಲ ದಿನವೂ ಒಂದೇ ಥರ. ಸಪ್ಪೆ ಬಿಟರಿಗೆ ಅದನ್ನು ಸುರಿದರೆ ಗ್ಲಾಸಿಗೆ ಜೀವ ಬರುತ್ತದೆ. ಅಂದರೆ ಅಜ್ಜ ಮಾಡುತ್ತಿದ್ದದ್ದು ಶೋಕಿ ಅಲ್ಲ, ರಿಪೇರಿ.

ಇಂಥ ಜೋಡಿಗಳು ಆ ದೇಶದಲ್ಲಿ ರಾಶಿ ಇದ್ದವು. ಮೈಲ್ಡ್ ಅಂಡ್ ಬಿಟರ್. ಬ್ರೌನ್ ಅಂಡ್ ಮೈಲ್ಡ್. ಓಲ್ಡ್ ಏಲ್ ಮತ್ತು ಬಿಟರ್ ಬೆರೆಸಿದರೆ ಅದಕ್ಕೆ 'ಮದರ್ ಇನ್ ಲಾ' ಅಂತ ಹೆಸರು. ಯಾಕೆ ಅಂದರೆ ಓಲ್ಡ್ ಅಂಡ್ ಬಿಟರ್. ಮುಂದಿನ ಸಾಲಿನಲ್ಲಿರುವ ಅತ್ತೆಯಂದಿರು ನನ್ನ ಮೇಲೆ ಕೋಪ ಮಾಡಿಕೊಳ್ಳಬಾರದು, ಹೆಸರಿಟ್ಟವನು ನಾನಲ್ಲ.

ಇದು ಎಷ್ಟು ಹಳೆಯದು ಅಂದರೆ, 17ನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಬೀದಿಮಾತಿನ ನಿಘಂಟಿನಲ್ಲೇ 'ಥ್ರೀ ಥ್ರೆಡ್ಸ್' ಅನ್ನುವ ಬೆರಕೆ ಬಿಯರಿನ ಹೆಸರು ಇದೆ. ಅರ್ಧ ಮಾಮೂಲಿ ಏಲ್, ಉಳಿದದ್ದು ಸ್ಟೌಟ್ ಅಥವಾ ಡಬಲ್ ಬಿಯರ್ ಅಂತ ಅದರಲ್ಲಿ ಅರ್ಥ ಕೊಟ್ಟಿದ್ದಾರೆ. ಆಗ ಸ್ಟೌಟ್ ಅಂದರೆ ಕಪ್ಪು ಬಿಯರ್ ಅಂತಲ್ಲ, ಗಟ್ಟಿ ಬಿಯರ್ ಅಂತ.

ಇದರ ಸುತ್ತ ಒಂದು ಕಥೆ ಇದೆ. ಬಿಯರಿನ ಪುಸ್ತಕಗಳಲ್ಲೆಲ್ಲ ಸಿಗುತ್ತದೆ. ಗಿರಾಕಿಗಳು ಮೂರು ಪೀಪಾಯಿಯಿಂದ ಬೆರೆಸಿ ಕೊಡಿ ಅಂತ ಕೇಳಿ ಕೇಳಿ ಪಬ್ಬಿನವರಿಗೆ ಓಡಾಡಿ ಸಾಕಾಯಿತಂತೆ. 1722ರಲ್ಲಿ ಶೋರ್‌ಡಿಚ್‌ನ ರಾಲ್ಫ್ ಹಾರ್ವುಡ್ ಅನ್ನುವ ಬ್ರೂವರ್ ಆ ಮೂರೂ ರುಚಿ ಒಂದೇ ಪೀಪಾಯಿಯಲ್ಲಿ ಬರುವ ಹಾಗೆ ಮಾಡಿದನಂತೆ. ಅದೇ ಪೋರ್ಟರ್ ಅನ್ನುವ ಗಾಢ ಬಣ್ಣದ ಬಿಯರ್ ಆಯಿತಂತೆ. ಚೆನ್ನಾಗಿದೆ ಅಲ್ವಾ? ತೊಂದರೆ ಏನೆಂದರೆ, ಈ ಕಥೆಯ ಪ್ರಸಿದ್ಧ ರೂಪ ಅಚ್ಚಾಗಿದ್ದು 1802ರಲ್ಲಿ, ಎಂಬತ್ತು ವರ್ಷ ಆದ ಮೇಲೆ. ಇತಿಹಾಸ ಕೆದಕಿದವರು ಇದನ್ನು ಈಗ ನಂಬುವುದಿಲ್ಲ. ಬೆರೆಸುತ್ತಿದ್ದದ್ದಕ್ಕೆ ಅವರು ಹೇಳುವ ಕಾರಣ ಇನ್ನೂ ಮಜವಾಗಿದೆ: ತೆರಿಗೆ. ಆಗ ಗಟ್ಟಿ ಬಿಯರಿಗೆ ಒಂದು ತೆರಿಗೆ, ತೆಳು ಬಿಯರಿಗೆ ಒಂದು ತೆರಿಗೆ. ಗಟ್ಟಿ ಅಂದರೆ ಎಷ್ಟು ಗಟ್ಟಿ ಅಂತ ಕೇಳುವವರಿಲ್ಲ. ಹಾಗಾಗಿ ವಿಪರೀತ ಗಟ್ಟಿಯದ್ದು ಒಂದು ಪೀಪಾಯಿ ಮಾಡು, ಅದಕ್ಕೊಂದು ಸಲ ತೆರಿಗೆ ಕಟ್ಟು, ಆಮೇಲೆ ಕಡಿಮೆ ತೆರಿಗೆಯ ತೆಳು ಬಿಯರ್ ಬೆರೆಸಿ ಮಾಮೂಲಿ ಗಟ್ಟಿ ಬಿಯರ್ ಅಂತ ಮಾರು. ನನಗಂತೂ ಈ ಎರಡನೇ ಕಥೆಯೇ ಸರಿ ಅನಿಸುತ್ತದೆ. ಮನುಷ್ಯ ರುಚಿಗಾಗಿ ಮಾಡುವ ಕೆಲಸಕ್ಕಿಂತ ತೆರಿಗೆ ಉಳಿಸಲು ಮಾಡುವ ಕೆಲಸಕ್ಕೆ ತಲೆ ಜಾಸ್ತಿ ಓಡಿಸುತ್ತಾನೆ.

ಆ ಮ್ಯಾನೇಜರ್ ಹೇಳಿದ ಮಾತಿಗೆ ಬರುತ್ತೇನೆ. "ನಮ್ಮ ಬ್ರೂವರ್ ಒಪ್ಪಲ್ಲ." ಬ್ರೂವರುಗಳೇ ಬೆರೆಸುತ್ತಾರೆ ಸ್ವಾಮಿ. ಬೆಲ್ಜಿಯಂನ ರೂಸಲಾರೆ ಊರಿನ ರೋಡೆನ್‌ಬಾಕ್ ಕೆಂಪು ಬಿಯರ್ ತಗೊಳ್ಳಿ. ಓಕ್ ಮರದ ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ಬಿಯರನ್ನು ಎರಡು ವರ್ಷ ಇಡುತ್ತಾರೆ. ಅದು ಚೆನ್ನಾಗಿ ಹುಳಿಯಾಗುತ್ತದೆ. ಅವರ ಸಾಧಾರಣ ಬಾಟಲಿಯಲ್ಲಿ ಆ ಹಳೇದು ಕಾಲು ಭಾಗ, ಹೊಸ ಬಿಯರ್ ಮುಕ್ಕಾಲು. ಗ್ರ್ಯಾಂಡ್ ಕ್ರೂ ಅನ್ನುವುದರಲ್ಲಿ ತಿರುಗಾಮುರುಗಾ: ಹಳೇದು ಮೂರರಲ್ಲಿ ಎರಡು ಪಾಲು. ಎರಡೇ ಬಿಯರ್, ಅಳತೆ ಬದಲಾದರೆ ಎರಡು ಬೇರೆ ಬಾಟಲಿ.

ಬ್ರಸೆಲ್ಸ್ ಸುತ್ತಮುತ್ತಲಿನ ಗೋಜ಼್ ಅನ್ನುವ ಬಿಯರ್ ಇನ್ನೂ ದೊಡ್ಡ ಉದಾಹರಣೆ. ಒಂದು ವರ್ಷದ, ಎರಡು ವರ್ಷದ, ಮೂರು ವರ್ಷದ ಲ್ಯಾಂಬಿಕ್ ಅನ್ನುವ ಹುಳಿ ಬಿಯರ್ ಬೆರೆಸಿ ಬಾಟಲಿಗೆ ತುಂಬುತ್ತಾರೆ. ಹಳೇದರಿಂದ ಆಳ ಬರುತ್ತದೆ. ಹೊಸದರಲ್ಲಿ ಇನ್ನೂ ಸಕ್ಕರೆ ಉಳಿದಿರುವುದರಿಂದ ಬಾಟಲಿಯೊಳಗೆ ಮತ್ತೆ ಹುದುಗಿ ಗ್ಯಾಸು ಹುಟ್ಟುತ್ತದೆ. ಅಲ್ಲಿ ಕೆಲವರು ಬಿಯರ್ ಕುದಿಸುವುದೇ ಇಲ್ಲ. ಬೇರೆಯವರಿಂದ ತಂದು, ತಮ್ಮ ಪೀಪಾಯಿಯಲ್ಲಿ ಬೆಳೆಸಿ, ಬೆರೆಸುವುದಷ್ಟೇ ಅವರ ಕಸುಬು. ಅದಕ್ಕೇ ಅವರಿಗೆ ಹೆಸರು, ಮರ್ಯಾದೆ. ನಮ್ಮ ಅಡುಗೆಮನೆಯಲ್ಲೂ ಹಳೇ ಹುಣಸೆಹಣ್ಣು, ಹೊಸ ಹುಣಸೆಹಣ್ಣು ಅಂತ ಎರಡು ಡಬ್ಬಿ ಇಡುತ್ತಿದ್ದರಲ್ಲ, ಯಾವ ಸಾರಿಗೆ ಯಾವುದು ಎಷ್ಟು ಅಂತ ಅಜ್ಜಿಗೆ ಗೊತ್ತಿರುತ್ತಿತ್ತಲ್ಲ, ಇದೂ ಅದೇ ಜಾತಿಯ ಜ್ಞಾನ.

ಇನ್ನು ಗಿನ್ನೆಸ್, ಐರ್ಲೆಂಡಿನ ಹೆಸರಾಂತ ಸ್ಟೌಟ್. ಈಗ ಅದನ್ನು ನೈಟ್ರೋಜನ್ ಕೊಟ್ಟು ಸುರಿಯುತ್ತಾರೆ, ಕೆನೆಯಂಥ ನೊರೆ ಬರುತ್ತದೆ. ಆ ಪದ್ಧತಿ ಶುರುವಾದದ್ದು 1959ರಲ್ಲಿ. ಅದಕ್ಕೆ ಮುಂಚೆ ಐರ್ಲೆಂಡಿನ ಪಬ್ಬುಗಳಲ್ಲಿ ಎರಡು ಪೀಪಾಯಿ ಇರುತ್ತಿದ್ದವು. ಒಂದರಲ್ಲಿ ಹೊಸದು, ಉಕ್ಕುವಂಥದ್ದು. ಇನ್ನೊಂದರಲ್ಲಿ ಹಳೇದು, ಗ್ಯಾಸು ಇಳಿದದ್ದು. ಎರಡನ್ನೂ ಒಂದೇ ಗ್ಲಾಸಿಗೆ ಸುರಿದು ನೊರೆ ಹದ ಮಾಡುತ್ತಿದ್ದರು. ಇವತ್ತು ಗಿನ್ನೆಸ್ಸನ್ನು ಎರಡು ಸಲ ಸುರಿಯುತ್ತಾರಲ್ಲ, ಮುಕ್ಕಾಲು ತುಂಬಿಸಿ, ಕಾದು, ಆಮೇಲೆ ಮೇಲಿನದ್ದು, ಅದಕ್ಕೆ ಮೂಲ ಆ ಎರಡು ಪೀಪಾಯಿ ಅಂತಲೇ ಹೇಳುತ್ತಾರೆ.

ಗಿನ್ನೆಸ್ ಅಂದ ಕೂಡಲೇ ನಿಮ್ಮಲ್ಲಿ ಕೆಲವರು ಆ ಎರಡು ಬಣ್ಣದ ಗ್ಲಾಸು ನೆನಪು ಮಾಡಿಕೊಂಡಿರುತ್ತೀರಿ. ಕೆಳಗೆ ಹೊಂಬಣ್ಣದ ಏಲ್, ಮೇಲೆ ಕಪ್ಪು ಸ್ಟೌಟ್, ನಡುವೆ ಗೆರೆ ಎಳೆದ ಹಾಗೆ. ಚಮಚದ ಬೆನ್ನಿನ ಮೇಲೆ ನಿಧಾನಕ್ಕೆ ಸುರಿಯುತ್ತಾರೆ. ಎಲ್ಲರೂ ಕೇಳುವ ಪ್ರಶ್ನೆ, ಕಪ್ಪು ಬಿಯರ್ ಭಾರ ಅಲ್ವಾ, ಅದು ಹೇಗೆ ತೇಲುತ್ತದೆ? ಭಾರ ಅಲ್ಲ. ಅದು ನಮ್ಮ ಕಣ್ಣಿನ ಮೋಸ. ಕಪ್ಪು ಬಣ್ಣ ಬರುವುದು ಚೆನ್ನಾಗಿ ಹುರಿದ ಬಾರ್ಲಿಯಿಂದ. ಅದು ಚೂರೇ ಚೂರು ಸಾಕು. ಬಿಯರಿನ ತೂಕ ನಿಂತಿರುವುದು ಹುದುಗಿದ ಮೇಲೆ ಎಷ್ಟು ಸಕ್ಕರೆ ಅಂಶ ಉಳಿದಿದೆ ಅನ್ನುವುದರ ಮೇಲೆ. ಗಿನ್ನೆಸ್ ಡ್ರಾಟ್‌ನಲ್ಲಿ ಅದು ಕಡಿಮೆ. ಆಲ್ಕೋಹಾಲೂ ಬರೀ 4.2 ಶೇಕಡ. ಅದರ ಕೆಳಗೆ ಹಾಕುವ ಏಲ್‌ನಲ್ಲಿ ಮಾಲ್ಟಿನ ಸಿಹಿ ಸ್ವಲ್ಪ ಜಾಸ್ತಿ ಉಳಿದಿರುತ್ತದೆ, ಹಾಗಾಗಿ ಅದು ತಳ ಹಿಡಿಯುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೋಗಿ ಬೇರೆ ಯಾವುದೋ ಸ್ಟೌಟ್ ಹಾಕಿದರೆ ಎಲ್ಲ ಕಲಸಿ ಕಂದುಬಣ್ಣಕ್ಕೆ ತಿರುಗುತ್ತದೆ. ಸಿಹಿ ಜಾಸ್ತಿ ಇರುವ ಸ್ಟೌಟ್ ತೇಲುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕಲಸಿದರೆ ನಷ್ಟ ಏನೂ ಇಲ್ಲ. ಪದರ ಫೋಟೋಗೆ ಚೆನ್ನ. ಕುಡಿಯುವಾಗ ಮೊದಲು ಸ್ಟೌಟ್ ಬರುತ್ತದೆ, ಕೊನೆಗೆ ಏಲ್ ಬರುತ್ತದೆ, ಬೆರೆತದ್ದು ಬರುವುದೇ ಇಲ್ಲ. ಎರಡು ಗ್ಲಾಸನ್ನು ಒಂದರ ಮೇಲೊಂದು ಇಟ್ಟ ಹಾಗೆ.

ಅದರ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಇದನ್ನು 'ಬ್ಲ್ಯಾಕ್ ಅಂಡ್ ಟ್ಯಾನ್' ಅನ್ನುತ್ತಾರೆ. ನಿಮ್ಮ ಮಕ್ಕಳನ್ನು ನೋಡಲು ಡಬ್ಲಿನ್‌ಗೆ ಹೋದವರು ಅಲ್ಲಿನ ಪಬ್ಬಿನಲ್ಲಿ ಹೀಗೆ ಕೇಳಬೇಡಿ. 1920ರಲ್ಲಿ ಐರಿಷ್ ಸ್ವಾತಂತ್ರ್ಯ ಹೋರಾಟ ಹತ್ತಿಕ್ಕಲು ಬ್ರಿಟಿಷರು ಮಾಜಿ ಸೈನಿಕರನ್ನು ಪೊಲೀಸ್ ಪಡೆಗೆ ಸೇರಿಸಿಕೊಂಡರು. ಸಮವಸ್ತ್ರ ಸಾಲದೆ ಅರ್ಧ ಖಾಕಿ, ಅರ್ಧ ಕಡುಬಣ್ಣ ಹಾಕಿಕೊಂಡು ಬಂದರು. ಜನ ಅವರಿಗಿಟ್ಟ ಹೆಸರು ಬ್ಲ್ಯಾಕ್ ಅಂಡ್ ಟ್ಯಾನ್ಸ್. ಆ ವರ್ಷದ ಸೆಪ್ಟೆಂಬರಿನಲ್ಲಿ ಬಾಲ್‌ಬ್ರಿಗನ್ ಅನ್ನುವ ಊರಿಗೇ ಬೆಂಕಿ ಇಟ್ಟರು. ಪಾನೀಯದ ಹೆಸರು ಆ ಪಡೆಗಿಂತ ಹಳೆಯದು, ಒಂದಕ್ಕೊಂದು ಸಂಬಂಧ ಇಲ್ಲ. ಆದರೆ ಗಾಯ ನಿಘಂಟು ನೋಡಿಕೊಂಡು ನೋಯುವುದಿಲ್ಲ. ಒಂದು ದೊಡ್ಡ ಅಮೆರಿಕನ್ ಐಸ್‌ಕ್ರೀಂ ಕಂಪನಿ 2006ರಲ್ಲಿ ಈ ಹೆಸರಿನ ಐಸ್‌ಕ್ರೀಂ ತಂದು ಕ್ಷಮೆ ಕೇಳಬೇಕಾಯಿತು. ಡಬ್ಲಿನ್‌ನಲ್ಲಿ 'ಹಾಫ್ ಅಂಡ್ ಹಾಫ್' ಅನ್ನಿ. ಸಿಗುತ್ತದೆ.

ಚೆಕ್ ದೇಶದವರು ಇದನ್ನು ಸರ್ಕಾರಿ ಮಟ್ಟಕ್ಕೆ ಒಯ್ದಿದ್ದಾರೆ. ಅಲ್ಲಿ 'ರ್‍ಜೆಜ಼ಾನೆ' ಅಂತ ಕೇಳಿದರೆ ಲಾಗರ್, ಅಂದರೆ ನಮ್ಮಲ್ಲಿನ ಮಾಮೂಲಿ ಬಾಟಲಿ ಬಿಯರಿನ ಬಗೆ, ಕಪ್ಪು ಮತ್ತು ಹೊಂಬಣ್ಣದ್ದು ಎರಡನ್ನೂ ಬೆರೆಸಿ ಕೊಡುತ್ತಾರೆ. ಆ ಮಾತಿಗೆ ಕತ್ತರಿಸಿದ್ದು ಅಂತ ಅರ್ಥ. ಎರಡೂ ಬಿಯರ್ ಒಂದೇ ಗಟ್ಟಿತನದ ವರ್ಗಕ್ಕೆ ಸೇರಿರಬೇಕು ಅಂತ ಅವರ ನಿಯಮದಲ್ಲೇ ಇದೆ. ಇದು ಒಳ್ಳೆಯ ಪಾಠ. ಸಮಾನರನ್ನು ಬೆರೆಸಿದರೆ ಇಬ್ಬರ ಮಾತೂ ಕೇಳಿಸುತ್ತದೆ.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಇದರ ಬಗ್ಗೆ ಭಾಷಣ ಮಾಡಿದ್ದರೆ ನೀವು ನಗುತ್ತಿದ್ದಿರಿ. ಬೆರೆಸಲು ಏನಿತ್ತು? ಒಂದು ಲಾಗರ್, ಒಂದು ಸ್ಟ್ರಾಂಗ್ ಲಾಗರ್. ಈಗ ಒಂದೇ ಬ್ರೂಪಬ್ಬಿನಲ್ಲಿ ಆರೇಳು ಬಗೆ ನಲ್ಲಿಯಿಂದ ಬರುತ್ತವೆ.

ನನ್ನ ವಿಧಾನ ಸುಲಭ. ಸ್ಯಾಂಪ್ಲರ್ ಟ್ರೇ ತರಿಸಿಕೊಳ್ಳಿ, ಸಣ್ಣ ಸಣ್ಣ ಗ್ಲಾಸಿನಲ್ಲಿ ಎಲ್ಲ ಬಗೆಯೂ ಬರುತ್ತವೆ. ಖಾಲಿ ಗ್ಲಾಸು ಕೇಳಿ. ಮತ್ತೆ ಒಂದು ಪೆಗ್ ಅಳತೆ ಕೇಳಿ, 30 ಮಿ.ಲೀ.ದು. ಇದು ಯಾವ ಬಾರಿನಲ್ಲೂ ಇರುತ್ತದೆ. ಮೊದಲು ಪ್ರತಿಯೊಂದನ್ನೂ ಬೇರೆಯಾಗಿ ಒಂದೊಂದು ಗುಟುಕು ಕುಡಿಯಿರಿ. ಇದನ್ನು ಬಿಡಬೇಡಿ. ಸಾರಿಗೆ ಉಪ್ಪು ಹಾಕುವ ಮುಂಚೆ ರುಚಿ ನೋಡಬೇಕಲ್ಲ. ಆಮೇಲೆ ಒಂದಕ್ಕೊಂದು ಸಮ, ಮೂರಕ್ಕೆ ಒಂದು, ಒಂದಕ್ಕೆ ಮೂರು. ಮೂರೇ ಸಲ ಸಾಕು, ಆ ಜೋಡಿ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಗ್ಯಾಸು ಕಡಿಮೆ ಇರುವುದನ್ನು ಮೊದಲು ಹಾಕಿ, ಜಾಸ್ತಿ ಇರುವುದನ್ನು ಗ್ಲಾಸು ಓರೆ ಮಾಡಿ ಮೆಲ್ಲಗೆ ಮೇಲೆ ಹಾಕಿ. ಲಂಡನ್ನಿನ ಅಜ್ಜನ ಕ್ರಮ ಅದೇ. ತಿರುಗಿಸಿ ಹಾಕಿದರೆ ನೊರೆ ಮೇಜಿಗೆ, ಬಿಯರ್ ಪ್ಯಾಂಟಿಗೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ಜೋಡಿ ಆವತ್ತು ಮ್ಯಾನೇಜರ್ ಬೇಡ ಅಂದದ್ದೇ. ಜರ್ಮನ್ ಬಗೆಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ವಾಸನೆ ಇರುತ್ತದೆ. ಯಾರೂ ಬಾಳೆಹಣ್ಣು ಹಾಕಿರುವುದಿಲ್ಲ, ಯೀಸ್ಟ್ ಮಾಡುವ ಕೆಲಸ ಅದು. ಮಾಗಿದ ಬಾಳೆಹಣ್ಣಿನಲ್ಲಿ ಇರುವ ಐಸೊಅಮೈಲ್ ಅಸಿಟೇಟ್ ಇದರಲ್ಲೂ ಹುಟ್ಟುತ್ತದೆ. ಜೊತೆಗೆ ಚೂರು ಲವಂಗ. ಅದಕ್ಕೆ ಸ್ಟೌಟಿನ ಹುರಿದ ಕಾಫಿ, ಚಾಕಲೇಟಿನ ಕಹಿ ಸೇರಿದರೆ ಬಾಯಲ್ಲಿ ಏನಾಗುತ್ತದೆ ಊಹಿಸಿಕೊಳ್ಳಿ. ಗೋಧಿ ಮೂರು ಪಾಲು, ಸ್ಟೌಟ್ ಒಂದು ಪಾಲು. ಸಮ ಹಾಕಿದರೆ ಸ್ಟೌಟ್ ಬಾಳೆಹಣ್ಣನ್ನು ನುಂಗಿಬಿಡುತ್ತದೆ.

ಕೆಟ್ಟದ್ದೂ ಹೇಳಬೇಕು. ಅದೇ ಗೋಧಿ ಬಿಯರಿಗೆ ಐಪಿಎ, ಅಂದರೆ ಹಾಪ್ಸ್ ಹೂವಿನ ಕಹಿ ಜಾಸ್ತಿ ಇರುವ ಏಲ್, ಬೆರೆಸಿದೆ. ಎರಡೂ ನನಗೆ ಇಷ್ಟ. ಸೇರಿದಾಗ ಲವಂಗ ಒಂದು ಕಡೆ, ಹಾಪ್ಸ್ ಕಹಿ ಇನ್ನೊಂದು ಕಡೆ, ನನಗೆ ನೆಗಡಿ ಬಂದಾಗ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ಕಷಾಯ ನೆನಪಾಯಿತು. ಎರಡು ಗುಟುಕಿಗೆ ಬಿಟ್ಟೆ. ಕಹಿ ಜಾಸ್ತಿ ಇರುವ ಐಪಿಎಗೆ ಸಪ್ಪೆ ಲಾಗರ್ ಒಳ್ಳೆಯ ಗೆಳೆಯ. ಅರ್ಧಕ್ಕೆ ಅರ್ಧ ಹಾಕಿದರೆ ಕಹಿಯ ಅಳತೆಯೂ ಹೆಚ್ಚೂಕಡಿಮೆ ನಡುವೆ ಬಂದು ನಿಲ್ಲುತ್ತದೆ, ವಾಸನೆ ಮಾತ್ರ ಉಳಿಯುತ್ತದೆ. ಐಪಿಎ ಕಹಿ ಅಂತ ದೂರ ಇಟ್ಟವರು ಇಲ್ಲಿಂದ ಶುರು ಮಾಡಿ. ಹುಳಿ ಬಿಯರ್ ಇದ್ದರೆ ಹುಣಸೆ ಅಂದುಕೊಳ್ಳಿ. ಹತ್ತರಲ್ಲಿ ಒಂದು ಪಾಲು ಸಾಕು, ಸಿಹಿ ಜಾಸ್ತಿ ಆದ ಬಿಯರ್ ಎದ್ದು ಕೂರುತ್ತದೆ.

ಹಿಂದಿನಿಂದ ಒಬ್ಬರು ಕೈ ಎತ್ತಿ, ಬೆರೆಸಿದರೆ ಜಾಸ್ತಿ ತಲೆಗೆ ಏರುತ್ತದೆ ಅಂತಾರಲ್ಲ ಅಂತ ಕೇಳಿದರು. ಬೆರೆಸಿದ್ದರಿಂದ ಏರುವುದಿಲ್ಲ, ಲೆಕ್ಕ ತಪ್ಪಿದ್ದರಿಂದ ಏರುತ್ತದೆ. 8 ಶೇಕಡದ ಸ್ಟ್ರಾಂಗ್, 5 ಶೇಕಡದ ಮಾಮೂಲಿ, ಸಮ ಬೆರೆಸಿದರೆ 6.5. ಕುಡಿಯಲು ಮಾಮೂಲಿಯಷ್ಟೇ ಹಗುರ ಅನಿಸುತ್ತದೆ, ಕೈ ಮಾಮೂಲಿ ಲೆಕ್ಕದಲ್ಲೇ ಗ್ಲಾಸು ಎತ್ತುತ್ತದೆ. ತೊಂದರೆ ಅಲ್ಲಿ. ಇನ್ನು ಬಿಯರಿಗೆ ವಿಸ್ಕಿ ಹಾಕುವವರು ಈ ಭಾಷಣದ ವ್ಯಾಪ್ತಿಗೆ ಬರುವುದಿಲ್ಲ. ನಾನು ಮಾತಾಡುತ್ತಿರುವುದು ರುಚಿಯ ಬಗ್ಗೆ, ಅವರದ್ದು ಅವಸರದ ಬಗ್ಗೆ. ಗಾಡಿ ತಂದವರು ಪೆಗ್ ಅಳತೆಯನ್ನು ಮುಟ್ಟಲೇಬೇಡಿ, ಆಟೋ ಸಿಗುತ್ತದೆ.

ನನಗೇ ಇನ್ನೂ ಬಗೆಹರಿಯದ ಒಂದಿದೆ. ಬೇಸಿಗೆಯಲ್ಲಿ ಇಲ್ಲಿನ ಬ್ರೂಪಬ್ಬುಗಳು ಮಾವಿನಹಣ್ಣಿನ ಬಿಯರ್ ಮಾಡುತ್ತವೆ. ವಾಸನೆ ಅದ್ಭುತ. ಕೆಲವು ಕಡೆ ಕುಡಿದರೆ ಸಿಹಿ ಗಂಟಲಿಗೆ ಅಂಟುತ್ತದೆ. ಲಾಗರ್ ಹಾಕಿ ನೋಡಿದೆ, ನೀರುನೀರಾಯಿತು. ಐಪಿಎ ಹಾಕಿದೆ, ಮೊದಲ ಗುಟುಕು ಸ್ವರ್ಗ, ಅರ್ಧ ಗ್ಲಾಸಿಗೆ ಬೇಸರ. ಸ್ಟೌಟ್ ಹಾಕಿದ್ದು ತಪ್ಪು, ಅದರ ಬಗ್ಗೆ ಮಾತಾಡುವುದು ಬೇಡ. ಹೋದ ಸೀಸನ್ನಿನ ಕೊನೇ ವಾರ ಗೋಸ಼ ಅನ್ನುವ ಉಪ್ಪುಪ್ಪು ಹುಳಿ ಬಿಯರ್ ಒಂದು ಪೆಗ್ ಹಾಕಿ ನೋಡಿದೆ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದ ಹಾಗೆ, ಖಾರ ಒಂದು ಬಿಟ್ಟು. ಇದೇ ಇರಬೇಕು ಅನ್ನುವಷ್ಟರಲ್ಲಿ ಮಾವಿನ ಬಿಯರ್ ಖಾಲಿ ಆಯಿತು. ಅಳತೆ ಸರಿಯಾಗಿ ಸಿಗಲಿಲ್ಲ, ಏಪ್ರಿಲ್‌ವರೆಗೆ ಕಾಯಬೇಕು. ನಿಮ್ಮಲ್ಲಿ ಯಾರಿಗಾದರೂ ಮೊದಲೇ ಸಿಕ್ಕರೆ ನನಗೆ ಹೇಳಿ, ಎಷ್ಟಕ್ಕೆ ಎಷ್ಟು ಅಂತ ಸಮೇತ.